ಜೊತೆಗೆ ಬಂದವಳು

ಮೇಲಿನ ದವಡೆಯ ಮುಂದಿನ ಆರು ಹಲ್ಲುಗಳನ್ನು ಅವಳು ಬೆಳಗಿನಿಂದ ಮೂರು ಸಲ ಮೇಣದಲ್ಲಿ ಕೂರಿಸಿ ಮೂರು ಸಲವೂ ಕಿತ್ತಿದ್ದಳು. ಹಲ್ಲುಗಳಲ್ಲಿ ತಪ್ಪೇನೂ ಇರಲಿಲ್ಲ. ಮುದುಕಿಯೊಬ್ಬಳ ಬಾಯಿಗೆ ಹೋಗಬೇಕಾದ ಕಟ್ಟುಹಲ್ಲಿನ ಸೆಟ್ಟು ಅದು. ಆಕೆ ತನ್ನ ಹಳೆಯ ಫೋಟೋ ಕೊಟ್ಟು, ನಕ್ಕರೆ ಹೀಗೇ ಕಾಣಬೇಕು ಎಂದು ಹೇಳಿ ಕಳಿಸಿದ್ದಳು. ಫೋಟೋದಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಹತ್ತಿಕೊಂಡಿತ್ತು. ಆ ಕೂದಲೆಳೆಯನ್ನು ತರುವುದೇ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿಕೊಂಡು ಬಂದ ಕೈಗೆ ಇವತ್ತು ಅದು ಒಲಿಯುತ್ತಿರಲಿಲ್ಲ. ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸುತ್ತ ಕೂತರೆ ಎಷ್ಟು ಹೊತ್ತು ಕಾಯಿಸಿದೆ ಎಂಬುದೇ ಮರೆತುಹೋಗಿ, ಮೇಣಕ್ಕೆ ತಾಗಿಸಿದ ಕೂಡಲೇ ಅದು ನೀರಾಗಿ ಹಲ್ಲು ವಾಲಿಕೊಳ್ಳುತ್ತಿತ್ತು. ಸಂಜೆ ಅಕ್ಕ ಬರುತ್ತಾಳೆ. ಇಪ್ಪತ್ತಮೂರು ದಿನದ ಮೇಲೆ. ಭಾವ ಮಧ್ಯಾಹ್ನವೇ ವಿಮಾನ ನಿಲ್ದಾಣಕ್ಕೆ ಹೊರಡುವವರಿದ್ದರು. ನೀನೂ ಬರ್ತೀಯಾ ಎಂದು ಅವರು ಕೇಳಿರಲಿಲ್ಲ. ಬರದೆ ಇರುತ್ತಾಳೆಯೇ ಎಂದುಕೊಂಡು ಕಾರಿನವನಿಗೆ ಇಬ್ಬರು ಎಂದು ಹೇಳಿಬಿಟ್ಟಿದ್ದರು. ಈ ಸೆಟ್ಟು ಇವತ್ತೇ ಕೊಡಬೇಕು ಭಾವ ಎಂದು ಅವಳು ಹೇಳಿದಾಗ ಅವರು ಒಂದು ಕ್ಷಣ ಅವಳ ಮುಖ ನೋಡಿ, ಹೌದಾ, ಸರಿ ಹಾಗಾದ್ರೆ ಎಂದು ಬಾಗಿಲ ಹಿಂದಿನ ಮೊಳೆಯಿಂದ ಛತ್ರಿ ತೆಗೆದುಕೊಂಡಿದ್ದರು. ಸೆಟ್ಟು ಕೊಡಬೇಕಾದದ್ದು ಮುಂದಿನ ವಾರ.

ಲ್ಯಾಬಿನ ಯಜಮಾನರು ಎರಡು ಸಲ ಬಾಗಿಲಲ್ಲಿ ಬಂದು ನಿಂತು ಹೋದರು. ಮನೆಗೆ ಹೋಗಿ ಎನ್ನಲೂ ಅವರಿಗೆ ಸಂಕೋಚ, ಇರಿ ಎನ್ನಲೂ ಸಂಕೋಚ. ಅಕ್ಕ ಈಗ ವಾಪಸು ಬರುತ್ತಿರುವ ಆ ದೇಶಕ್ಕೆ ಅವಳನ್ನು ಕಳಿಸಿದವರು ಅವರೇ. ಪಿಂಗಾಣಿ ಹಲ್ಲು ತಯಾರಿಸುವ ಕಂಪನಿಯೊಂದು ಎರಡು ವಾರದ ತರಬೇತಿ ಕೊಡುತ್ತದೆ, ಒಬ್ಬರು ಹೋಗಬಹುದು ಎಂದಾಗ ಲ್ಯಾಬಿನ ಐದೂ ಜನರ ಎದುರು, ಇವರ ಕೈಯಷ್ಟು ಹದವಾದ ಕೈ ನಮ್ಮಲ್ಲಿ ಇನ್ನೊಂದಿಲ್ಲ ಎಂದು ಹೇಳಿ ಅವಳನ್ನು ಆರಿಸಿದ್ದರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವಳನ್ನು ಯಾರೋ ಎಲ್ಲರೆದುರು ಹೊಗಳಿದ್ದರು. ಮನೆಗೆ ಬಂದು ಹೇಳಿದರೆ ಅಕ್ಕ ಮೊದಲು ಕೇಳಿದ್ದು, ಜೊತೆಗೆ ಯಾರು ಬರ್ತಾರೆ ಎಂದು. ಯಾರೂ ಇಲ್ಲ ಎಂದದ್ದಕ್ಕೆ, ಯಾರೂ ಇಲ್ಲ ಅಂದ್ರೆ ನಾನೇನು ಸತ್ತುಹೋಗಿದ್ದೀನಾ ಎಂದಳು.

ಅಕ್ಕ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಯಾವ ಊರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕು ಎಂದು ಲಕ್ಷಾಂತರ ಜನಕ್ಕೆ ದಾರಿ ಹೇಳಿ ಕಳಿಸಿ, ತಾನು ಮಾತ್ರ ಆ ಕಿಟಕಿಯಿಂದ ಮನೆಗೆ, ಮನೆಯಿಂದ ಕಿಟಕಿಗೆ ಓಡಾಡಿಕೊಂಡಿದ್ದಳು. ಈಗ ಸಿಕ್ಕಿತು ಅವಕಾಶ. ಎರಡು ತಿಂಗಳು ಮೊದಲೇ ತಯಾರಿ ಶುರು. ಪಾಸ್‌ಪೋರ್ಟಿನ ನಕಲು ನಾಲ್ಕು. ಒಂದು ಚೀಲದಲ್ಲಿ, ಒಂದು ಪೆಟ್ಟಿಗೆಯಲ್ಲಿ, ಒಂದು ಭಾವನ ಹತ್ತಿರ, ಒಂದು ತಂಗಿಯ ಒಳಲಂಗದ ಜೇಬಿನಲ್ಲಿ. ರಾಯಭಾರ ಕಚೇರಿಯ ಫೋನ್ ನಂಬರನ್ನು ಬಾಯಿಪಾಠ ಮಾಡಿಸಿದ್ದಳು. ಆ ದೇಶದಲ್ಲಿ ಚುನಾವಣೆಯ ಗಲಾಟೆ ಇದೆ, ಒಂದು ಥರದ ಜ್ವರವೂ ಹರಡುತ್ತಿದೆ ಎಂದು ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದಾಗ ಅದನ್ನೂ ಕತ್ತರಿಸಿ ಇಟ್ಟುಕೊಂಡು, ಗುಂಪು ಕಂಡ ಕಡೆ ನಿಲ್ಲೋ ಹಾಗಿಲ್ಲ, ಮುಖಕ್ಕೆ ಮಾಸ್ಕ್ ಇಲ್ಲದೆ ಬಾಗಿಲು ತೆಗೆಯೋ ಹಾಗಿಲ್ಲ, ಎಲ್ಲಿ ಹೋದ್ರೂ ಕೈ ಹಿಡಿದುಕೊಂಡೇ ಹೋಗ್ಬೇಕು ಎಂದು ಕಿಟಕಿಯಲ್ಲಿ ಕೂತವರ ದನಿಯಲ್ಲಿ ಹೇಳಿದ್ದಳು. ತಂಗಿಗೆ ಆಗ ಎಷ್ಟು ಸಿಟ್ಟು ಬಂದಿತ್ತೆಂದರೆ, ನಾನು ಹೋಗೋದು ಹಲ್ಲು ಕಲಿಯೋಕೆ, ನಡೆಯೋದು ಕಲಿಯೋಕಲ್ಲ ಎಂದುಬಿಟ್ಟಿದ್ದಳು. ಅಕ್ಕ ನಕ್ಕಿದ್ದಳು.

ಅಲ್ಲಿಗೆ ಹೋದ ಐದನೆಯ ದಿನ ತರಬೇತಿಯ ಕಟ್ಟಡದ ಮುಂದಿನ ರಸ್ತೆಯಲ್ಲಿ ಮೊದಲ ಮೆರವಣಿಗೆ ಹೋಯಿತು. ಏಳನೆಯ ದಿನ ಕಲಿಸುವವರೇ ಬರಲಿಲ್ಲ. ಒಂಬತ್ತನೆಯ ದಿನ, ಅಕ್ಕತಂಗಿಯರು ಇಳಿದುಕೊಂಡಿದ್ದ ವಸತಿಗೃಹದ ಮೇಲ್ವಿಚಾರಕಿ ಪ್ರತಿ ಮಹಡಿಯ ಗೋಡೆಗೂ ಒಂದೊಂದು ಹಾಳೆ ಅಂಟಿಸಿದಳು: ಸಂಜೆ ನಾಲ್ಕರ ಮೇಲೆ ಹೊರಗೆ ಕಾಲಿಡಬೇಡಿ. ಮೂರನೆಯ ಮಹಡಿಯ ಆ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಎಲ್ಲಿಯೋ ಟೈರು ಸುಡುವ ವಾಸನೆ ಕಿಟಕಿಯ ಸಂದಿನಿಂದ ಬರುತ್ತಿತ್ತು. ಅಕ್ಕ ಒದ್ದೆ ಟವೆಲನ್ನು ಸುರುಳಿ ಸುತ್ತಿ ಅಲ್ಲಿ ತುರುಕಿದಳು. ಟಿವಿಯಲ್ಲಿ ಒಂದು ಸಲ ಕಲ್ಲು ತೂರುವವರು, ಒಂದು ಸಲ ಆಸ್ಪತ್ರೆಯ ಸಾಲುಮಂಚಗಳು; ಭಾಷೆ ತಿಳಿಯದೆ ಇಬ್ಬರೂ ಚಿತ್ರ ನೋಡುತ್ತ ಕೂತಿರುತ್ತಿದ್ದರು. ತಂಗಿಗೆ ತಲೆನೋವು. ಜ್ವರವಲ್ಲ, ಏನೂ ಅಲ್ಲ, ಬರಿಯ ತಲೆನೋವು. ಆದರೆ ಅವಳು ಗೋಡೆಯ ಕಡೆ ತಿರುಗಿ ಮಲಗಿ ಮೂರು ಸಲ ಅಮ್ಮಾ ಎಂದು ನರಳಿದ್ದು ಈಗ ನೆನಪಾಗುತ್ತದೆ. ಮೂರನೆಯ ಸಲ ಬೇಕೆಂತಲೇ ಸ್ವಲ್ಪ ಜೋರಾಗಿ. ಅಕ್ಕ ಎದ್ದು ಮಾಸ್ಕ್ ಕಟ್ಟಿಕೊಂಡು ಹೋದಳು. ಒಂದೇ ಒಂದು ಔಷಧಿ ಅಂಗಡಿ ತೆರೆದಿತ್ತಂತೆ. ಅರ್ಧ ಊರು ಅಲ್ಲೇ ಇತ್ತಂತೆ, ಕೆಮ್ಮುವವರು, ಮೂಗು ಒರೆಸಿಕೊಳ್ಳುವವರು. ಎರಡು ಗಂಟೆ ಸಾಲಿನಲ್ಲಿ ನಿಂತು, ಹತ್ತು ಮಾತ್ರೆಯ ಒಂದು ಪಟ್ಟಿ ಹಿಡಿದುಕೊಂಡು, ಯುದ್ಧ ಗೆದ್ದವಳಂತೆ ವಾಪಸು ಬಂದಿದ್ದಳು. ಅಷ್ಟು ಹೊತ್ತಿಗೆ ಇವಳ ತಲೆನೋವು ಹೋಗಿತ್ತು. ಹೋಗಿದೆ ಎಂದು ಹೇಳಲು ಬಾಯಿ ಬಾರದೆ ಒಂದು ಮಾತ್ರೆ ನುಂಗಿದಳು.

ಲ್ಯಾಬಿನಲ್ಲಿ ಅವಳು ದೀಪ ಆರಿಸಿದಳು. ಮತ್ತೆ ಹಚ್ಚಿದಳು. ಗಡಿಯಾರ ಹನ್ನೆರಡೂಕಾಲು.

ಆ ದೇಶ ಬಿಟ್ಟು ಹೊರಡುವ ದಿನ ಬೆಳಗ್ಗೆ ಅಕ್ಕನ ಕೈ ಕಾದಿತ್ತು. ರಾಯಭಾರ ಕಚೇರಿಯವರು ಗೊತ್ತು ಮಾಡಿದ ಬಸ್ಸಿಗೆ ಹತ್ತಿಸುವಾಗ ಮೊಣಕೈ ಹಿಡಿದವಳಿಗೆ ಬಟ್ಟೆಯ ಮೇಲೆಯೇ ಗೊತ್ತಾಯಿತು. ಉಳಿದಿದ್ದ ಮಾತ್ರೆಗಳಲ್ಲಿ ಎರಡನ್ನು ಅಕ್ಕ ಒಟ್ಟಿಗೇ ನುಂಗಿ, ಯಾರಿಗೂ ಹೇಳ್ಬೇಡ, ವಿಮಾನ ಹತ್ತಿದ್ರೆ ಮುಗೀತು ಎಂದಳು. ವಿಮಾನ ನಿಲ್ದಾಣದಲ್ಲಿ ಸಾಲು ಬಾಗಿಲ ಹೊರಗಿನವರೆಗೆ ಬಂದಿತ್ತು. ಮುಂದೆ ಎಲ್ಲೋ ಹಣೆಗೆ ಯಂತ್ರ ಹಿಡಿದು ಶಾಖ ನೋಡುತ್ತಿದ್ದರು. ಶಾಖ ಇದ್ದವರನ್ನು ಪಕ್ಕಕ್ಕೆ ಕರೆದು, ಜೊತೆಯವರು ಯಾರು ಎಂದು ಕೇಳಿ, ಜೊತೆಯವರನ್ನೂ ಸೇರಿಸಿ ಬೇರೊಂದು ಬಸ್ಸಿಗೆ ಕಳಿಸುತ್ತಿದ್ದಾರೆ ಎಂದು ಸಾಲಿನಲ್ಲಿ ಸುದ್ದಿ ಹಿಂದಕ್ಕೆ ಹರಿದು ಬಂತು. ಗಂಡನಿಗೆ ಜ್ವರವಿದ್ದ ಹೆಂಗಸೊಬ್ಬಳು ತನಗೇನೂ ಇಲ್ಲ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದುದು ಅವರಿಗೂ ಕೇಳಿಸಿತು. ಆಮೇಲೆ ಆ ಹೆಂಗಸಿನ ದನಿ ಪಕ್ಕದ ಗಾಜಿನ ಬಾಗಿಲ ಆಚೆ ಹೋಯಿತು. ಆ ಹೊತ್ತಿನಲ್ಲಿ ಇವಳ ಮತ್ತು ಅಕ್ಕನ ನಡುವೆ ಇಬ್ಬರು ಗಂಡಸರು ಬಂದು ನಿಂತರು. ಬಂದು ನಿಂತರೋ, ಅವಳೇ ಬಿಟ್ಟುಕೊಂಡಳೋ? ಇಪ್ಪತ್ತಮೂರು ದಿನದಿಂದ ಇದೊಂದನ್ನು ಬಿಡಿಸಿಕೊಳ್ಳಲು ಆಗಿಲ್ಲ. ನೀನು ಮುಂದೆ ಹೋಗು, ಒಟ್ಟಿಗೆ ಬೇಡ ಎಂದು ಅಕ್ಕ ಹೇಳಿದ ಹಾಗೆ ಒಂದೊಂದು ಸಲ ನೆನಪು. ಮರುಕ್ಷಣವೇ, ಅಕ್ಕ ಹಾಗೆ ಹೇಳುವವಳೇ ಅಲ್ಲ, ಕೈ ಹಿಡಿದುಕೊಂಡೇ ಹೋಗಬೇಕು ಎಂದವಳು ಅವಳು, ಎಂದು ಅದನ್ನು ತಳ್ಳಿಹಾಕುತ್ತಾಳೆ. ನಾನು ಒಂದು ಹೆಜ್ಜೆ ಬೇಗ ಇಟ್ಟೆ. ಸಂದು ಆಯಿತು. ಅವರು ಬಂದರು. ಇಷ್ಟೇ ಇರಬೇಕು.

ಅವಳ ಹಣೆಯ ಮುಂದೆ ಯಂತ್ರ ಕುಂಯ್ ಎಂದಿತು, ಹಸಿರು ದೀಪ ಬಂತು, ಮುಂದೆ ಹೋಗು ಎಂದು ಕೈ ಮಾಡಿದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಆ ಇಬ್ಬರು ಗಂಡಸರದ್ದೂ ಮುಗಿದು ಯಂತ್ರದ ದನಿ ಬೇರೆಯಾಯಿತು. ತಿರುಗಿದಾಗ ಅಕ್ಕನನ್ನು ಮೇಜಿನ ಪಕ್ಕಕ್ಕೆ ನಿಲ್ಲಿಸಿದ್ದರು. ತಲೆಯಿಂದ ಕಾಲಿನವರೆಗೆ ಬಿಳಿ ಹೊದ್ದುಕೊಂಡಿದ್ದ ಪರೀಕ್ಷಕಿ ಅಕ್ಕನ ಪಾಸ್‌ಪೋರ್ಟ್ ತಿರುವಿ, ತಲೆಯೆತ್ತಿ, ಇವಳು ನಿಂತು ನೋಡುತ್ತಿದ್ದುದನ್ನು ಕಂಡಳು. ಪಾಸ್‌ಪೋರ್ಟಿನಲ್ಲಿ ಅಕ್ಕನ ಹೆಸರಿನ ಮುಂದೆ ಭಾವನ ಮನೆತನದ ಹೆಸರು. ಅದರಲ್ಲಿ ಅಕ್ಕತಂಗಿ ಎಂದು ಯಾರೂ ಹೇಳುವಂತಿರಲಿಲ್ಲ. ಪರೀಕ್ಷಕಿಯ ಮುಖಗವಸಿನ ಗಾಜಿನ ಹಿಂದಿನ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಬಳಲಿಕೆ ಇತ್ತು. ನೀವು ಇವರ ಜೊತೆಯವರಾ ಎಂದು ಕೇಳಿದಳು. ಇಂಗ್ಲಿಷಿನಲ್ಲಿ, ನಿಧಾನವಾಗಿ, ತಿಳಿಯಲಿ ಎಂದು ಎರಡು ಸಲ.

ಅಲ್ಲ ಎಂದಳು ಅವಳು.

ಎಷ್ಟು ಬೇಗ ಬಂತು ಆ ಮಾತು. ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದವಳ ಹಾಗೆ. ಅಕ್ಕ ಹತ್ತು ಅಡಿ ದೂರದಲ್ಲಿದ್ದಳು. ಅವಳು ಇವಳನ್ನು ನೋಡಿದಳು, ಆಮೇಲೆ ಚೀಲದೊಳಗೆ ಕೈ ಹಾಕಿ ಏನನ್ನೋ ಹುಡುಕತೊಡಗಿದಳು. ಪರೀಕ್ಷಕಿ ಅದೇ ಪ್ರಶ್ನೆಯನ್ನು ಅಕ್ಕನಿಗೆ ಕೇಳಿದ್ದು, ನಾನು ಒಬ್ಬಳೇ ಬಂದಿದ್ದೀನಿ ಎಂದು ಅಕ್ಕ ಹೇಳಿದ್ದು ಎರಡೂ ಸ್ಪಷ್ಟವಾಗಿ ಕೇಳಿಸಿತು. ಅದು ಬಸ್ ನಿಲ್ದಾಣದ ಆ ಕಿಟಕಿಯ ದನಿಯೇ, ಮೂರನೇ ಅಂಕಣ, ಹತ್ತೂವರೆ ಎನ್ನುವ ದನಿ. ವಿಮಾನದ ಕಡೆಯ ಗಾಜಿನ ಬಾಗಿಲು ತಾನಾಗಿ ತೆರೆಯಿತು. ಅವಳು ಹೋದಳು.

ವಿಮಾನದಲ್ಲಿ ಮೂಗು ಸೋರಿತು, ಅತ್ತದ್ದಕ್ಕೆ. ಪಕ್ಕದ ಸೀಟಿನ ಗಂಡಸು ಮೊದಲು ಕಿಟಕಿಯ ಕಡೆ ಒತ್ತರಿಸಿಕೊಂಡ, ಆಮೇಲೆ ಗುಂಡಿ ಒತ್ತಿ ಗಗನಸಖಿಯನ್ನು ಕರೆದು ಪಿಸುಗುಟ್ಟಿದ. ಅವನನ್ನು ಬೇರೆ ಕಡೆ ಕೂರಿಸಿದರು. ಎದ್ದು ಹೋಗುವಾಗ ಅವನು ತನ್ನ ಕೋಟಿನ ಅಂಚು ಅವಳಿಗೆ ತಾಗದಂತೆ ಎತ್ತಿ ಹಿಡಿದುಕೊಂಡ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳು ಅವನಿಗಿಂತ ಮೊದಲೇ ಅಷ್ಟು ಮಾಡಿ ಮುಗಿಸಿದವಳು. ಕರ್ಚೀಫಿಗೆಂದು ಕೈಚೀಲ ತೆರೆದರೆ ಅಕ್ಕನ ಕನ್ನಡಕದ ಡಬ್ಬಿ ಸಿಕ್ಕಿತು. ಬಸ್ಸಿನಲ್ಲಿ ಕಣ್ಣುರಿ ಎಂದು ತೆಗೆದುಕೊಟ್ಟಿದ್ದು. ಅದಿಲ್ಲದೆ ಅಕ್ಕ ಒಂದಕ್ಷರ ಓದಲಾರಳು. ಮೇಜಿನ ಹತ್ತಿರ ಅವಳು ಚೀಲದಲ್ಲಿ ಹುಡುಕುತ್ತಿದ್ದದ್ದು ಇದನ್ನೇ ಇರಬಹುದು. ತಂಗಿಯ ಮುಖ ನೋಡಲಾರದೆ ಹುಡುಕಿದ್ದಲ್ಲ, ಬರಿಯ ಕನ್ನಡಕಕ್ಕೆ ಹುಡುಕಿದ್ದು. ಹಾಗಿದ್ದರೆ ಅಲ್ಲ ಎಂದದ್ದು ಕೇಳಿಸಿರಲಿಕ್ಕಿಲ್ಲ. ಈ ಯೋಚನೆಯನ್ನು ಅವಳು ಕೆಳಗಿಳಿಯುವವರೆಗೆ ಬಿಸಿನೀರಿನ ಲೋಟದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅಕ್ಕನ ಮನೆಯ ಮಹಡಿಯ ಮೇಲೆ ಅವಳಿಗೊಂದು ಕೋಣೆಯಿದೆ. ಅಮ್ಮ ತೀರಿಕೊಂಡ ವರ್ಷದಿಂದ ಅಲ್ಲೇ ವಾಸ. ಬಂದ ಮೇಲೆ ಹತ್ತು ದಿನ ಕೆಳಗಿಳಿಯಕೂಡದು ಎಂದು ಆರೋಗ್ಯ ಇಲಾಖೆಯವರು ಹೇಳಿದ್ದರು. ಭಾವ ನೋವಿನ ಮಂಡಿ ಹಿಡಿದುಕೊಂಡು ದಿನಕ್ಕೆ ಮೂರು ಹೊತ್ತು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ತಟ್ಟೆ ಇಟ್ಟು, ಅರ್ಧ ಇಳಿದು ನಿಂತು, ಉಪ್ಪು ಜಾಸ್ತಿ ಆಗಿದ್ರೆ ಹೇಳು ಎನ್ನುತ್ತಿದ್ದರು. ಉಪ್ಪು ಜಾಸ್ತಿಯೇ ಇರುತ್ತಿತ್ತು. ಮೊದಲನೆಯ ದಿನವೇ ಅವರು ಮೆಟ್ಟಿಲಲ್ಲಿ ನಿಂತು ಕೇಳಿದ್ದರು.

"ಅವಳನ್ನ ಹಿಡಿದಾಗ ನೀನು ಎಲ್ಲಿದ್ದೆಮ್ಮ?"

"ಅವರೇ ಬೇರೆ ಮಾಡಿಬಿಟ್ರು ಭಾವ," ಎಂದಿದ್ದಳು ಬಾಗಿಲ ಈಚೆಯಿಂದ. "ಎಷ್ಟು ಕೇಳ್ಕೊಂಡ್ರೂ ಬಿಡ್ಲಿಲ್ಲ."

ಭಾವ, ನಿನಗೆ ಎಷ್ಟು ಸಂಕಟ ಆಗಿರಬೇಕು ಎಂದು ಹೇಳಿ ಒಂದೊಂದೇ ಮೆಟ್ಟಿಲು ಇಳಿದು ಹೋದರು. ಬೈದಿದ್ದರೆ ಆಗುತ್ತಿತ್ತು.

ಅಕ್ಕನನ್ನು ಇಟ್ಟದ್ದು ಯಾವುದೋ ಶಾಲೆಯ ಕಟ್ಟಡದಲ್ಲಿ. ಐದು ದಿನ ಜ್ವರ ಏರಿತು, ಒಂದು ದಿನ ಉಸಿರಿಗೆ ನಳಿಗೆ ಹಾಕಿದರು, ಆಮೇಲೆ ಇಳಿಯಿತು. ಅಲ್ಲಿನ ಫೋನಿನಿಂದ ಎರಡು ದಿನಕ್ಕೊಮ್ಮೆ ಮೂರು ನಿಮಿಷ ಮಾತು. ಕಾಗದ ತಂದು ಸಹಿ ಮಾಡು ಅಂತಾರೆ, ಅದರಲ್ಲಿ ಏನು ಬರೆದಿದೆ ಅಂತಾನೇ ಕಾಣ್ಸಲ್ಲ ಎಂದು ಅಕ್ಕ ಹೇಳಿದ್ದನ್ನು ಭಾವ ಮೆಟ್ಟಿಲಲ್ಲಿ ನಿಂತು ವರದಿ ಮಾಡಿ, ಕನ್ನಡಕ ಎಲ್ಲಿ ಕಳ್ಕೊಂಡಳೋ ಎಂದು ಪೇಚಾಡಿದರು. ಡಬ್ಬಿ ಅವಳ ದಿಂಬಿನ ಕೆಳಗಿತ್ತು. ನನ್ನ ಹತ್ತಿರ ಇದೆ ಎಂದರೆ ಏನೂ ಆಗುತ್ತಿರಲಿಲ್ಲ. ಆದರೆ ಆ ಒಂದು ಮಾತಿನ ದಾರ ಹಿಡಿದು ಎಳೆದರೆ ಉಳಿದದ್ದೆಲ್ಲ ಬಿಚ್ಚಿಕೊಂಡು ಬರುತ್ತದೆ ಎಂಬ ಭಯ. ಒಂದು ದಿನ ಭಾವ ಬಲವಂತವಾಗಿ ಫೋನನ್ನೇ ಮೇಲೆ ತಂದು ಬಾಗಿಲ ಬಳಿ ಇಟ್ಟರು. ಅಕ್ಕನ ದನಿ ಸವೆದಿತ್ತು. ನಿಂಗೆ ಜ್ವರ ಬಂತಾ ಎಂದಳು. ಇಲ್ಲ ಎಂದಳು ಇವಳು. ಸದ್ಯ ಎಂದಳು ಅಕ್ಕ. ಮೂರು ನಿಮಿಷದಲ್ಲಿ ಉಳಿದ ಎರಡೂಮುಕ್ಕಾಲು ನಿಮಿಷ ಇಬ್ಬರೂ ಸುಮ್ಮನಿದ್ದರು. ಯಾರಿಗೂ ಫೋನ್ ಇಡಬೇಕೆನ್ನಿಸಲಿಲ್ಲ.

ನಾಲ್ಕೂವರೆಗೆ ಅವಳು ಕೆಲಸ ಮುಚ್ಚಿಟ್ಟು ಮನೆಗೆ ನಡೆದಳು. ಕಾರು ಮೊದಲೇ ಬಂದಿತ್ತು. ಒಳಗೆ ಎದುರುಮನೆಯ ಮೇಷ್ಟರು, ಅವರ ಹೆಂಡತಿ, ಭಾವ, ನಡುವೆ ಕುರ್ಚಿಯಲ್ಲಿ ಅಕ್ಕ. ಅರ್ಧ ಆಗಿದ್ದಾಳೆ. ಕತ್ತಿನ ಎಲುಬುಗಳು ಎದ್ದು ಕಾಣುತ್ತಿವೆ. ಮೂಗಿನ ಮೇಲೆ ಯಾರೋ ಕೊಟ್ಟ ನೀಲಿ ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಕ. ಬಾಗಿಲಲ್ಲಿ ನಿಂತವಳನ್ನು ಕಂಡು ಅಕ್ಕ ಕೈ ಚಾಚಿದಳು. ಅವಳು ಹೋಗಿ ಆ ಕೈ ಹಿಡಿದುಕೊಂಡಳು. ತಣ್ಣಗಿತ್ತು. ಹಿಡಿದ ಕೈ ಬಿಡದೆಯೇ ಅಕ್ಕ ಮೇಷ್ಟರ ಹೆಂಡತಿಗೆ ತಾನು ಹೇಳುತ್ತಿದ್ದದ್ದನ್ನು ಮುಂದುವರಿಸಿದಳು. ಇವಳು ನನ್ನನ್ನ ಬಿಟ್ಟು ಹೋಗಲ್ಲ ಅಂತ ಅಲ್ಲೇ ಕೂತುಬಿಟ್ಟಿದ್ದಳು, ನಾನೇ ಗದರಿಸಿ ಕಳಿಸಿದೆ, ನೀನೂ ಸಿಕ್ಕಿಹಾಕ್ಕೊಂಡ್ರೆ ನಿಮ್ಮ ಭಾವನಿಗೆ ಅನ್ನ ಯಾರು ಬೇಯಿಸ್ತಾರೆ ಅಂದೆ, ಅಳ್ತಾ ಅಳ್ತಾ ಹೋದಳು ಪಾಪ ಎಂದಳು. ಭಾವ, ಅನ್ನ ನಾನೇ ಬೇಯಿಸಿದ್ದು ಕಣೇ, ಇವಳನ್ನೇ ಕೇಳು ಎಂದರು. ಎಲ್ಲರೂ ನಕ್ಕರು. ಮೇಷ್ಟರ ಹೆಂಡತಿ ಅವಳ ಬೆನ್ನು ಸವರಿ, ಇಂಥಾ ತಂಗಿ ಸಿಗೋಕೂ ಪುಣ್ಯ ಬೇಕು ಎಂದರು. ಬೆನ್ನಿನ ಮೇಲಿನ ಆ ಅಂಗೈಯ ಬಿಸಿ ಅವಳಿಗೆ ತಡೆಯಲಾಗಲಿಲ್ಲ. ಕಾಫಿ ತರ್ತೀನಿ ಎಂದು ಅಡುಗೆಮನೆಗೆ ಹೋದಳು.

ಅವರು ಕಾಫಿ ಕುಡಿದು ಹೋದ ಮೇಲೆ ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ಬೇಳೆಯ ಡಬ್ಬಿಗೆ ಸಕ್ಕರೆ ಹಾಕಿದ್ದಾರಲ್ಲ ಇವರು ಎಂದಳು. ಅವಳು ಲೋಟ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ಯಾಕಕ್ಕ ಅವರಿಗೆ ಹಾಗೆ ಹೇಳ್ದೆ?"

"ಹೇಗೆ?"

"ನಾನು ಬಿಟ್ಟು ಹೋಗಲ್ಲ ಅಂದೆ ಅಂತ."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. "ಏನೋ ಒಂದು ಹೇಳ್ಬೇಕಲ್ಲ. ನಾವು ಇರ್ಬೇಕಾದ್ದು ಇದೇ ಮನೇಲಿ."

"ನಿನಗೆ ಕೇಳಿಸ್ಲಿಲ್ಲ ಅಂದ್ಕೊಂಡಿದ್ದೆ."

"ಕೇಳಿಸ್ತು."

ಹೊರಗೆ ಭಾವ ಕುರ್ಚಿಗಳನ್ನು ಗೋಡೆಗೆ ಎಳೆಯುತ್ತಿದ್ದ ಸದ್ದು. ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ಭಯ ಆಗಿತ್ತು ಎನ್ನಬೇಕು. ಆ ಹೆಂಗಸು ಕಿರುಚಿದ್ದನ್ನು ನೀನೂ ಕೇಳಿದೆಯಲ್ಲ ಎನ್ನಬೇಕು. ಈ ಇಪ್ಪತ್ತಮೂರು ದಿನ ಕಟ್ಟಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಒಂದರ ಹಿಂದೆ ಒಂದು ಬಂದು ಗಂಟಲಲ್ಲಿ ಸಾಲು ನಿಂತವು. ಅಕ್ಕನೇ ಮಾತಾಡಿದಳು, ಸಿಟ್ಟಿಲ್ಲದೆ, ಉಸಿರು ಸಾಲದೆ ನಡುನಡುವೆ ನಿಲ್ಲಿಸಿ.

"ಇಬ್ಬರೂ ಸಿಕ್ಕಿಹಾಕ್ಕೊಂಡು ಏನು ಮಾಡೋದಿತ್ತು, ನೀನು ಹೋಗಿದ್ದೇ ಸರಿ. ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ. ಹೋಗು, ನನ್ನ ಬಗ್ಗೆ ಯೋಚನೆ ಮಾಡ್ಬೇಡ ಅಂತ. ಜ್ವರ ನೋಡು, ನಾಲಗೆ ತಿರುಗಲಿಲ್ಲ ಬೇಗ. ಒಂದು ನಿಮಿಷ ಕಾದಿದ್ರೆ ನಾನೇ ಹೇಳ್ತಿದ್ದೆ."

ಅವಳಿಗೆ ತಲೆಯೆತ್ತಲು ಆಗಲಿಲ್ಲ. ಅಕ್ಕ ಎದುರಿಗೇ ನಿಂತಿದ್ದಳು. ಅವಳ ಸೀರೆಯ ಅಂಚು, ಊದಿದ ಪಾದ, ಆ ಶಾಲೆಯಲ್ಲಿ ಕೊಟ್ಟ ರಬ್ಬರು ಚಪ್ಪಲಿ ಮಾತ್ರ ಕಾಣುತ್ತಿತ್ತು. ಅಕ್ಕ ಬೇಳೆಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಇದನ್ನ ಖಾಲಿ ಮಾಡಿ ಇಡು ಎಂದು ಹೇಳಿ, ಬಂದಂತೆಯೇ ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಲ್ಯಾಬಿನ ಯಜಮಾನರು ಬಂದರು. ಹಣ್ಣಿನ ಪೊಟ್ಟಣ ಮೇಜಿನ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ನನ್ನಿಂದಲೇ ಇಷ್ಟೆಲ್ಲ ಆಯ್ತು, ನಾನು ಕಳಿಸಬಾರದಾಗಿತ್ತು ಎಂದರು. ಭಾವ, ನಿಮ್ಮದೇನು ತಪ್ಪು ಸಾರ್ ಎಂದರು. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಮಾತು ಸಾಕಾಗಿತ್ತು ಅವಳಿಗೆ. ಆ ದಿನ ಏನಾಯ್ತು ಎಂದು ಯಜಮಾನರು ಕೇಳಿದಾಗ ಭಾವ ಉತ್ಸಾಹದಿಂದ ಶುರು ಮಾಡಿ, ನಡುವೆ ತಡವರಿಸಿ, ನಾನು ಹೇಳಿದ್ರೆ ಸರಿಯಾಗಲ್ಲ, ಅಲ್ಲಿದ್ದವಳು ಇವಳು, ಇವಳೇ ಹೇಳಲಿ ಎಂದರು. ಹೌದಮ್ಮ, ಲ್ಯಾಬಲ್ಲಿ ನೀವು ಇದರ ಬಗ್ಗೆ ಬಾಯೇ ಬಿಟ್ಟಿಲ್ಲ ಎಂದರು ಯಜಮಾನರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಇಬ್ಬರೂ ಅವಳ ಕಡೆ ತಿರುಗಿದರು. ಅಕ್ಕನೂ ಕಣ್ಣು ತೆರೆದಳು. ಈಗ ಹೇಳಿಬಿಡಬಹುದು. ಅಲ್ಲ ಎಂದೆ ಎಂದು ಒಂದು ಮಾತು. ಅದರ ಆಚೆ ಏನಿದೆಯೋ ಇರಲಿ. ಭಾವ ಅವಳಿಗೆ ಧೈರ್ಯ ಕೊಡುವವರಂತೆ ತಲೆ ಅಲ್ಲಾಡಿಸಿದರು. ಆ ಮುಖವನ್ನು ನೋಡುತ್ತ ಅವಳು ಬಾಯಿ ತೆರೆದಳು.

ಬಹಳ ಜನ ಇದ್ದರು ಎಂದು ಶುರು ಮಾಡಿದಳು. ಯಂತ್ರ ಹಿಡಿದದ್ದು, ಅಕ್ಕನನ್ನು ಪಕ್ಕಕ್ಕೆ ನಿಲ್ಲಿಸಿದ್ದು, ಬಿಳಿ ಬಟ್ಟೆಯವಳು ಬಂದು ನೀವು ಇವರ ಜೊತೆಯವರಾ ಎಂದು ಕೇಳಿದ್ದು. ಅಲ್ಲಿಯವರೆಗೆ ಎಲ್ಲವೂ ನಿಜವಾಗಿತ್ತು, ಹೇಳುವುದು ಸುಲಭವಾಗಿತ್ತು. ಆಮೇಲೆ ದನಿ ತಾನಾಗಿ ಮುಂದೆ ಹೋಯಿತು.

"ನಾನು ಉತ್ತರ ಕೊಡ್ಲಿಲ್ಲ ಸಾರ್. ಸುಮ್ನೆ ನಿಂತಿದ್ದೆ, ಅಕ್ಕನ ಮುಖಾನೇ ನೋಡ್ತಾ. ಅವಳೇ ಹೋಗು ಅಂದಳು. ಅವಳು ಹೋಗು ಅನ್ನೋವರೆಗೂ ಕಾದೆ."

ಯಜಮಾನರು ತಲೆ ತಗ್ಗಿಸಿದರು. ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಅವಳಿಗೆ ಮಂಚದ ಕಡೆ ನೋಡುವ ಧೈರ್ಯವಿರಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಅಕ್ಕ ಇವಳನ್ನೇ ನೋಡುತ್ತಿದ್ದಳು, ಪರಿಚಯದವರು ಎಲ್ಲಿಗೋ ಹೊರಟು ನಿಂತಾಗ ನೋಡುವ ಹಾಗೆ. ಆಮೇಲೆ ಯಜಮಾನರ ಕಡೆ ತಿರುಗಿದಳು.

"ಕಾದಳು," ಎಂದಳು ಅಕ್ಕ.